ಉಪ್ಪಿನ ಹಳದಿ ಗೆರೆ

ಒಂದು ಚಿಟಿಕೆ ಉಪ್ಪು. ಹಾಕಿದ್ದು ಅಷ್ಟೇ.

ಅಡುಗೆಮನೆಯ ದೀಪ ಆರಿಸಿ, ಕಿಟಕಿಗೆ ಹೊದಿಕೆ ಕಟ್ಟಿ, ಗ್ಯಾಸ್ ಒಲೆಯ ನೀಲಿ ಉರಿಯ ಎದುರು ಒಂದು ಶೂ ಡಬ್ಬ ಹಿಡಿದು ಕೂತಿದ್ದೆ. ಡಬ್ಬದ ಒಂದು ತುದಿಯಲ್ಲಿ ಎರಡು ಶೇವಿಂಗ್ ಬ್ಲೇಡುಗಳ ನಡುವೆ ಕೂದಲೆಳೆಯಷ್ಟು ಸಂದು, ಇನ್ನೊಂದು ತುದಿಯಲ್ಲಿ ಹಳೆಯ ಡಿವಿಡಿಯಿಂದ ಕತ್ತರಿಸಿದ ಪಾರದರ್ಶಕ ಚೂರು. ಆ ಚೂರಿಗೆ ಕಣ್ಣಿಟ್ಟರೆ ಒಲೆಯ ಉರಿ ಉರಿಯ ಹಾಗೆ ಕಾಣುತ್ತಲೇ ಇರಲಿಲ್ಲ. ಕತ್ತಲೆಯಲ್ಲಿ ಹಸಿರಿನದೊಂದು ಮಂಕು ಪಟ್ಟೆ, ಅದರಾಚೆ ನೀಲಿ-ನೇರಳೆಯದೊಂದು. ‘ಹಾಕಲೇನೋ?’ ಎಂದಳು ಅಮ್ಮ. ‘ಹಾಕಮ್ಮ’ ಎಂದೆ. ಅವಳ ಬೆರಳ ತುದಿಯಿಂದ ಉಪ್ಪು ಉದುರಿತು.

ಹಳದಿ! ಇದ್ದಕ್ಕಿದ್ದಂತೆ, ಕತ್ತಲೆಯನ್ನು ಕತ್ತರಿಸಿದ ಹಾಗೆ, ಒಂದೇ ಒಂದು ನೆಟ್ಟನೆಯ ಹಳದಿ ಗೆರೆ. ಎಡಕ್ಕೂ ಏನಿಲ್ಲ, ಬಲಕ್ಕೂ ಏನಿಲ್ಲ. ಕಿತ್ತಳೆಗೆ ಜಾರದ, ಹಸಿರಿಗೆ ವಾಲದ, ಅಳೆದಿಟ್ಟ ಹಳದಿ. ಎರಡು ಕ್ಷಣ ಉರಿದು ಮಾಯವಾಯಿತು. ‘ಇನ್ನೊಂದು ಸಲ’ ಎಂದು ಕೂಗಿದೆ. ಮತ್ತೆ ಅದೇ ಜಾಗ, ಅದೇ ಗೆರೆ. ಹತ್ತು ಸಲ ಹಾಕಿಸಿದೆ. ಹತ್ತು ಸಲವೂ ಕೂದಲೆಳೆ ಆಚೀಚೆ ಆಗದೆ ಅಲ್ಲೇ ಬಂದು ನಿಂತಿತು.

ಹಾಲು ಉಕ್ಕಿದಾಗ, ಸಾರು ಉಕ್ಕಿದಾಗ ಒಲೆಯ ನೀಲಿ ಉರಿ ಹಳದಿಗೆ ತಿರುಗುವುದನ್ನು ನಾವೆಲ್ಲ ಸಾವಿರ ಸಲ ನೋಡಿದ್ದೇವೆ. ಅಯ್ಯೋ ಉಕ್ಕಿತು ಎಂದು ಓಡಿದ್ದೇವೆ, ಒಲೆ ಒರೆಸಿದ್ದೇವೆ. ಆ ಹಳದಿಯೊಳಗೆ ಸೋಡಿಯಂ ಪರಮಾಣು ತನ್ನ ಹೆಸರನ್ನು ಬೆಳಕಿನಲ್ಲಿ ಬರೆದು ತೋರಿಸುತ್ತಿದೆ ಎಂಬುದು ನನಗೆ ಆ ರಾತ್ರಿಯವರೆಗೆ ಬರೀ ಪಠ್ಯಪುಸ್ತಕದ ಸಂಗತಿಯಾಗಿತ್ತು. ಈಗ ಅದು ನಮ್ಮ ಮನೆಯ ಒಲೆಯ ಮೇಲೆ ನಡೆದ ಸಂಗತಿ. ಇವೆರಡರ ನಡುವಿನ ಅಂತರ ಎಷ್ಟೆಂದು ಹೇಳಲು ನನಗೆ ಮಾತು ಸಾಲದು.

ಈ ಡಬ್ಬಕ್ಕೆ ರೋಹಿತದರ್ಶಕ ಎಂದು ಹೆಸರು. ಬೆಳಕನ್ನು ಅದರ ಬಣ್ಣಗಳಿಗೆ ಬಿಡಿಸಿ ಸಾಲಾಗಿ ನಿಲ್ಲಿಸುವುದು ಇದರ ಕೆಲಸ. ಹಾಗೆ ನಿಂತ ಸಾಲೇ ರೋಹಿತ. ಮಾಡಿಕೊಳ್ಳಲು ಒಂದು ಸಂಜೆ ಸಾಕು. ಕೊಳ್ಳಬೇಕಾದ್ದು ಹೆಚ್ಚುಕಡಿಮೆ ಏನೂ ಇಲ್ಲ. ಕಪಾಟಿನಲ್ಲಿ ಯಾರೂ ನೋಡದೆ ಬಿದ್ದಿರುವ ಮದುವೆ ಡಿವಿಡಿ ಪ್ರತಿ ಮನೆಯಲ್ಲೂ ಒಂದಾದರೂ ಇರುತ್ತದೆ. ಅದರ ಒಂದು ನಕಲು ಸಿಕ್ಕರೆ ಸಾಕು.

ಡಿವಿಡಿ ಒಂದೇ ತಟ್ಟೆಯಲ್ಲ. ತಲಾ 0.6 ಮಿಲಿಮೀಟರ್ ದಪ್ಪದ ಎರಡು ತಟ್ಟೆಗಳನ್ನು ಅಂಟಿಸಿ ಮಾಡಿದ್ದು. ಕತ್ತರಿಯಿಂದ ಒಂದು ಹೋಳು ಕತ್ತರಿಸಿ, ಅಂಚಿಗೆ ಬ್ಲೇಡ್ ತೂರಿಸಿ ಮೆಲ್ಲಗೆ ಎಬ್ಬಿಸಿದರೆ ಪದರ ಬಿಟ್ಟುಕೊಳ್ಳುತ್ತದೆ. ಹೊಳೆಯುವ ಲೋಹದ ಪೊರೆ ಒಂದು ಹೋಳಿಗೆ ಅಂಟಿಕೊಂಡು ಹೋಗುತ್ತದೆ, ಇನ್ನೊಂದು ಗಾಜಿನಂತೆ ಕೈಗೆ ಬರುತ್ತದೆ. ಮನೆಯಲ್ಲಿ ಬರೆದುಕೊಳ್ಳುವ ಬಗೆಯ ಡಿವಿಡಿಯಾದರೆ ಅದರ ಮೇಲೆ ನೇರಳೆ ಛಾಯೆಯ ಬಣ್ಣ ಇರುತ್ತದೆ, ಸ್ಪಿರಿಟ್ ಹಾಕಿ ತೊಳೆದರೆ ಹೋಗುತ್ತದೆ. ಉಳಿದ ಆ ಚೂರನ್ನು ಬೆಳಕಿಗೆ ಹಿಡಿದು ಓರೆಯಾಗಿ ನೋಡಿ. ಅದರಲ್ಲಿ ಒತ್ತೊತ್ತಾಗಿ ಸುರುಳಿ ಗೀರುಗಳಿವೆ, ಒಂದು ಸುತ್ತಿಗೂ ಮುಂದಿನ ಸುತ್ತಿಗೂ ನಡುವೆ 0.74 ಮೈಕ್ರೋಮೀಟರ್. ಒಂದು ಮಿಲಿಮೀಟರಿನಲ್ಲಿ ಸುಮಾರು 1350 ಗೀರು! ಸಿಡಿಯಲ್ಲಾದರೆ ಅಂತರ 1.6 ಮೈಕ್ರೋಮೀಟರ್, ಮಿಲಿಮೀಟರಿಗೆ 625. ಅದರ ಸುರುಳಿಯನ್ನು ಬಿಚ್ಚಿ ನೇರ ಮಾಡಲು ಸಾಧ್ಯವಾದರೆ ಐದು ಕಿಲೋಮೀಟರಿಗೂ ಉದ್ದ ಹೋಗುತ್ತದೆ. ಇಷ್ಟು ಸಣ್ಣ ಗೀರುಗಳನ್ನು ಹಾಯ್ದುಬರುವ ಬೆಳಕಿನ ಅಲೆಗಳು ಒಂದರ ಮೇಲೊಂದು ಬಿದ್ದು, ಕೆಲವು ದಿಕ್ಕಿನಲ್ಲಿ ಒಂದನ್ನೊಂದು ಅಳಿಸಿಕೊಳ್ಳುತ್ತವೆ, ಕೆಲವು ದಿಕ್ಕಿನಲ್ಲಿ ಕೂಡಿಕೊಂಡು ಬೆಳಗುತ್ತವೆ. ನೀಲಿ ಕಡಿಮೆ ಓರೆಯಲ್ಲಿ ಕೂಡಿಕೊಳ್ಳುತ್ತದೆ, ಕೆಂಪು ಹೆಚ್ಚು ಓರೆಯಲ್ಲಿ. ಹಾಗಾಗಿ ಪ್ರತಿ ಬಣ್ಣಕ್ಕೂ ಅದರದೇ ದಿಕ್ಕು. ಸಿಡಿಗಿಂತ ಡಿವಿಡಿ ಒಳ್ಳೆಯದೇಕೆಂದರೆ ಗೀರು ಒತ್ತಾದಷ್ಟೂ ಬಣ್ಣಗಳು ದೂರ ದೂರ ಹರಡುತ್ತವೆ. ಸಿಡಿಯಲ್ಲಿ ಉಪ್ಪಿನ ಹಳದಿ 22 ಡಿಗ್ರಿ ಬಾಗಿದರೆ ಡಿವಿಡಿಯಲ್ಲಿ 53 ಡಿಗ್ರಿ.

ಬ್ಲೇಡಿನ ಸಂದಿನ ವಿಷಯದಲ್ಲಿ ಆತುರ ಬೇಡ. ಇಡೀ ಡಬ್ಬದ ಜೀವ ಇರುವುದು ಅಲ್ಲೇ. ನೀವು ನೋಡುವ ಪ್ರತಿ ಗೆರೆಯೂ ಆ ಸಂದಿನದೇ ಚಿತ್ರ. ಸಂದು ಅಗಲವಾದರೆ ಗೆರೆಗಳು ದಪ್ಪಗಾಗಿ ಒಂದರೊಳಗೊಂದು ಸೇರಿಹೋಗುತ್ತವೆ, ಕಿರಿದಾದಷ್ಟೂ ಹರಿತವಾಗುತ್ತವೆ, ತೀರಾ ಕಿರಿದಾದರೆ ಬೆಳಕೇ ಸಾಲದು. ಎರಡು ಬ್ಲೇಡುಗಳ ನಡುವೆ ಒಂದು ಕಾಗದ ಇಟ್ಟು, ಬ್ಲೇಡುಗಳನ್ನು ಅಂಟಿಸಿ, ಕಾಗದ ಎಳೆದುಬಿಟ್ಟೆ. ಅಷ್ಟು ಸಾಕಾಯಿತು. ಡಿವಿಡಿಯ ಚೂರನ್ನು ಅದರ ಗೀರುಗಳು ಸಂದಿಗೆ ಸಮಾನಾಂತರವಾಗಿರುವಂತೆ ಅಂಟಿಸಬೇಕು. ಮೊದಲ ಸಲ ಅಡ್ಡಡ್ಡ ಅಂಟಿಸಿ ಅರ್ಧ ಗಂಟೆ ಕತ್ತಲೆ ನೋಡಿದೆ. ತಿರುಗಿಸಿ ಅಂಟಿಸಿದಾಗ, ನೇರಕ್ಕೆ ಸಂದು ಬೆಳ್ಳಗೆ ಕಂಡಿತು. ಅಲ್ಲಿಂದ ಕಣ್ಣನ್ನು ಪಕ್ಕಕ್ಕೆ ಹೊರಳಿಸುತ್ತ ಹೋದೆ. ನಲವತ್ತೈದು, ಐವತ್ತು ಡಿಗ್ರಿಯ ಹತ್ತಿರ ಬಣ್ಣಗಳು ಎದ್ದು ನಿಂತವು.

ಆ ವಾರ ನಾನು ಮನೆಯಲ್ಲಿ ನೆಟ್ಟಗೆ ನಡೆದಿಲ್ಲ. ಡಬ್ಬ ಹಿಡಿದು ದೀಪದಿಂದ ದೀಪಕ್ಕೆ ಓಡಿದ್ದೇನೆ. ದೇವರ ಮನೆಯ ಎಣ್ಣೆದೀಪದಲ್ಲಿ ಕೆಂಪಿನಿಂದ ನೇರಳೆಯವರೆಗೆ ಎಲ್ಲೂ ಕಡಿಯದ ಬಣ್ಣದ ಹೊಳೆ. ಕಾದ ಮಸಿಯ ಕಣಗಳು ಎಲ್ಲ ಬಣ್ಣವನ್ನೂ ಬೀರುತ್ತವೆ. ಬಚ್ಚಲುಮನೆಯ ಹಳೆಯ ತಂತಿ ಬಲ್ಬಿನದೂ ಹಾಗೇ ಅಖಂಡ ರೋಹಿತ. ಎಲ್‌ಇಡಿ ಬಲ್ಬು ಬೇರೆಯೇ ಕಥೆ. ಅಲೆಯ ಉದ್ದ, ಅಂದರೆ ತರಂಗದೂರ, 450 ನ್ಯಾನೊಮೀಟರ್ ಇರುವಲ್ಲಿ ಉಜ್ವಲವಾದ ನೀಲಿ, ಆಮೇಲೊಂದು ಮಬ್ಬು ತಗ್ಗು, ಆಮೇಲೆ ಹಸಿರು-ಹಳದಿ-ಕೆಂಪಿನ ಅಗಲವಾದ ದಿಬ್ಬ. ಬೆಳ್ಳಗೆ ಕಾಣುವ ಆ ಬಲ್ಬಿನ ಒಳಗಿರುವುದು ನೀಲಿ ದೀಪ, ಅದರ ಮೇಲೆ ಹಳದಿ ಬೀರುವ ಲೇಪ ಎಂಬ ಗುಟ್ಟು ಕಣ್ಣೆದುರು ಬಿಚ್ಚಿಬಿತ್ತು. ಸಿಎಫ್‌ಎಲ್ ಬಲ್ಬಿನಲ್ಲಂತೂ ಉಸಿರು ಹಿಡಿದುಕೊಂಡೆ. ಬಿಡಿ ಬಿಡಿ ಗೆರೆಗಳು! ನೇರಳೆ, ನೀಲಿ, ಹಸಿರು, ಕಿತ್ತಳೆ, ಕೆಂಪು, ಬಳೆಯಂಗಡಿಯಲ್ಲಿ ಜೋಡಿಸಿಟ್ಟ ಹಾಗೆ. ಆ ನೀಲಿ ಪಾದರಸದ್ದು. ಕೆಂಪು ಅಲ್ಲಿನ ಲೇಪದಲ್ಲಿರುವ ಯುರೋಪಿಯಂ ಎಂಬ ಅಪರೂಪದ ಧಾತುವಿನದು. ಎಲೆಕ್ಟ್ರಿಷಿಯನ್ ಜೇಬಿನ ಟೆಸ್ಟರ್ ಗೊತ್ತಲ್ಲ, ಕರೆಂಟ್ ಇದ್ದರೆ ಕಿತ್ತಳೆ ಬಣ್ಣದಲ್ಲಿ ಮಿನುಗುವ ಪುಟ್ಟ ದೀಪ? ಅದರಲ್ಲಿರುವುದು ನಿಯಾನ್ ಅನಿಲ. ಕತ್ತಲೆ ಕೋಣೆಯಲ್ಲಿ ಸ್ವಿಚ್‌ಬೋರ್ಡಿನ ಅಂಥದೇ ಇಂಡಿಕೇಟರ್ ದೀಪದ ಎದುರು ಡಬ್ಬ ಹಿಡಿದೆ. ಹಳದಿಯ ಅಂಚಿನಿಂದ ಕಡುಗೆಂಪಿನವರೆಗೆ ಗೆರೆಗಳ ಮೆರವಣಿಗೆ. ಇಷ್ಟು ವರ್ಷ ಬೆರಳ ಪಕ್ಕದಲ್ಲೇ ಇತ್ತು!

ಒಂದು ಮಾತು ಇಲ್ಲಿ ಗಟ್ಟಿಯಾಗಿ ಹೇಳಬೇಕು. ಡಬ್ಬವನ್ನು ಸೂರ್ಯನಿಗೆ ನೇರ ಹಿಡಿದು ಎಂದೂ ನೋಡಬೇಡಿ. ಕಣ್ಣು ಹೋಗುತ್ತದೆ. ಹಗಲು ಆಕಾಶದ ಸೂರ್ಯನಿಲ್ಲದ ಭಾಗ, ಇಲ್ಲವೇ ಬಿಸಿಲು ಬಿದ್ದ ಬಿಳಿ ಗೋಡೆ ಸಾಕು. ಅದೂ ಸೂರ್ಯನದೇ ಬೆಳಕು.

ಹಾಗೆ ಒಂದು ಬೆಳಿಗ್ಗೆ ತಾರಸಿಯಲ್ಲಿ ನಿಂತು ಬಿಳಿ ಮೋಡಕ್ಕೆ ಡಬ್ಬ ಹಿಡಿದೆ. ಕಾಮನಬಿಲ್ಲಿನ ಬಣ್ಣಗಳೆಲ್ಲ ಸಾಲಾಗಿ ನಿಂತಿದ್ದವು, ಎಣ್ಣೆದೀಪದ ಹಾಗೇ ಅಖಂಡವಾಗಿ. ಬ್ಲೇಡುಗಳನ್ನು ಇನ್ನಷ್ಟು ಹತ್ತಿರ ತಂದೆ. ಕಣ್ಣು ಹೊಂದಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ, ಹಸಿರಿನೊಳಗೆ ಒಂದು ಕಪ್ಪು ಗೆರೆ. ಕೂದಲು ಅಂಟಿದೆಯೇನೋ ಎಂದು ಚೂರನ್ನು ಒರೆಸಿದೆ. ಗೆರೆ ಹೋಗಲಿಲ್ಲ. ನೀಲಿ-ಹಸಿರಿನಲ್ಲಿ ಇನ್ನೊಂದು, ನೇರಳೆಯಲ್ಲಿ ಮತ್ತೊಂದು, ಕೆಂಪಿನಲ್ಲೊಂದು. ಹಳದಿಯಲ್ಲಿ ಸೂಜಿಮೊನೆಯಲ್ಲಿ ಗೀರಿದಂತೆ ಸಣ್ಣದೊಂದು. ಸೂರ್ಯನ ಬೆಳಕಿನಲ್ಲಿ ಬಿರುಕುಗಳಿವೆ! ನನ್ನ ಕೈ ನಡುಗಿತು, ಗೆರೆಗಳೂ ನಡುಗಿದವು.

ಈ ಗೆರೆಗಳನ್ನು 1802ರಲ್ಲಿ ಇಂಗ್ಲೆಂಡಿನ ವಿಲಿಯಂ ಹೈಡ್ ವುಲ್ಲಾಸ್ಟನ್ ಕಂಡಿದ್ದ. ಅವುಗಳ ಬೆನ್ನು ಹತ್ತಿದವನು ಬವೇರಿಯಾದ ಯೋಸೆಫ್ ಫ್ರೌನ್‌ಹೋಫರ್. ತಂದೆತಾಯಿ ಇಲ್ಲದ ಹುಡುಗ, ಮ್ಯೂನಿಕ್‌ನಲ್ಲಿ ಗಾಜಿನ ಕೆಲಸ ಕಲಿಯಲು ಸೇರಿದ್ದ. 1801ರಲ್ಲಿ, ಹದಿನಾಲ್ಕನೇ ವಯಸ್ಸಿನಲ್ಲಿ, ಕೆಲಸ ಕಲಿಯುತ್ತಿದ್ದ ಮನೆ ಕುಸಿದು ಅವಶೇಷಗಳಡಿ ಸಿಕ್ಕಿಬಿದ್ದ. ಬದುಕಿ ಹೊರಬಂದ. ಅಲ್ಲಿಂದ ಹದಿಮೂರು ವರ್ಷಕ್ಕೆ, 1814ರಲ್ಲಿ, ಸೂರ್ಯನ ರೋಹಿತದ 574 ಕಪ್ಪು ಗೆರೆಗಳನ್ನು ಗುರುತಿಸಿದ, ಮುಖ್ಯವಾದವಕ್ಕೆ ಎ, ಬಿ, ಸಿ, ಡಿ ಎಂದು ಅಕ್ಷರ ಕೊಟ್ಟ. ಹಳದಿಯದು ಡಿ. ದೀಪದ ಉರಿಯಲ್ಲಿ ಕಾಣುವ ಹೊಳೆವ ಹಳದಿ ಗೆರೆ ಸೂರ್ಯನ ಕಪ್ಪು ಡಿ ಗೆರೆಯ ಜಾಗದಲ್ಲೇ ಬೀಳುವುದನ್ನೂ ಅವನು ನೋಡಿದ್ದ. ಏಕೆಂದು ತಿಳಿಯುವ ಮೊದಲೇ, ಮೂವತ್ತೊಂಬತ್ತಕ್ಕೆ, ತೀರಿಹೋದ.

ಅದರ ಉತ್ತರ ಬಂದದ್ದು 1859ರಲ್ಲಿ, ಹೈಡೆಲ್‌ಬರ್ಗಿನಲ್ಲಿ. ಗುಸ್ತಾವ್ ಕಿರ್ಖಾಫ್ ಸೂರ್ಯನ ಬೆಳಕನ್ನು ಉಪ್ಪಿನ ಉರಿಯ ಮೂಲಕ ಹಾಯಿಸಿದ. ಕಪ್ಪು ಗೆರೆಯ ಜಾಗವನ್ನು ಉಪ್ಪಿನ ಹಳದಿ ತುಂಬಿಬಿಡಬೇಕಿತ್ತಲ್ಲ? ತುಂಬಲಿಲ್ಲ. ಗೆರೆ ಇನ್ನಷ್ಟು ಕಪ್ಪಾಯಿತು! ಬಿಸಿಯಾದ ಸೋಡಿಯಂ ಆವಿ ಯಾವ ಹಳದಿಯನ್ನು ಬೀರುತ್ತದೋ, ಹಿಂದಿನಿಂದ ಇನ್ನೂ ಪ್ರಖರವಾದ ಬೆಳಕು ಬಂದಾಗ ಅದೇ ಹಳದಿಯನ್ನು ನುಂಗುತ್ತದೆ. ಅಂದರೆ ಸೂರ್ಯನ ಹೊರಪದರದಲ್ಲಿ ಸೋಡಿಯಂ ಇದೆ. ಹದಿನೈದು ಕೋಟಿ ಕಿಲೋಮೀಟರ್ ದೂರದ, ಯಾರೂ ಕಾಲಿಡಲಾಗದ ಬೆಂಕಿಯಲ್ಲಿ ಏನಿದೆ ಎಂದು ಕೋಣೆಯೊಳಗೆ ನಿಂತು ಹೇಳಿಬಿಟ್ಟ. ಅವನೂ ರಾಬರ್ಟ್ ಬುನ್ಸೆನ್ನನೂ ಸೇರಿ ಖನಿಜ ನೀರಿನ ಶೇಷದಲ್ಲಿ ಯಾರೂ ಕಾಣದ ನೀಲಿ ಗೆರೆಗಳನ್ನು ಕಂಡು 1860ರಲ್ಲಿ ಸೀಸಿಯಂ, ಮರುವರ್ಷ ಕಡುಗೆಂಪು ಗೆರೆಗಳಿಂದ ರುಬಿಡಿಯಂ ಎಂಬ ಹೊಸ ಧಾತುಗಳನ್ನೇ ಪತ್ತೆ ಮಾಡಿದರು. ಕೋಣೆಯ ದೂರದ ಮೂಲೆಯಲ್ಲಿ 3 ಮಿಲಿಗ್ರಾಂ ಸೋಡಿಯಂ ಲವಣ ಸಿಡಿಸಿದರೆ ಕೆಲವು ನಿಮಿಷದಲ್ಲಿ ಉಪಕರಣದ ಮುಂದಿನ ಉರಿಯಲ್ಲಿ ಹಳದಿ ಗೆರೆ ಎದ್ದುಬಂತೆಂದು ಅವರು ಬರೆದಿದ್ದಾರೆ. ನಾನೂ ಒಲೆಯಿಂದ ದೂರ ನಿಂತು ಧೂಳು ಹಿಡಿದ ಟವೆಲ್ ಕೊಡವಿದೆ. ಮಿಂಚಿತು! ಮನೆಯ ಗಾಳಿಯ ಧೂಳಿನಲ್ಲೂ ಉಪ್ಪು.

ಈಗ ಜಮಖಂಡಿಗೆ ಬರುತ್ತೇನೆ. ಇದನ್ನು ಹೇಳಬೇಕೆಂದೇ ಇಷ್ಟು ಹೊತ್ತು ಚಡಪಡಿಸುತ್ತಿದ್ದೆ.

1868ರ ಆಗಸ್ಟ್ 18. ಖಗ್ರಾಸ ಸೂರ್ಯಗ್ರಹಣದ ನೆರಳು ಭಾರತವನ್ನು ಪಡುವಣದಿಂದ ಮೂಡಣಕ್ಕೆ ದಾಟಿಹೋಯಿತು. ಗ್ರಹಣಕ್ಕೆ ರೋಹಿತದರ್ಶಕ ಹಿಡಿದು ಕಾಯುವುದು ಜಗತ್ತಿಗೇ ಹೊಸತು. ಫ್ರಾನ್ಸಿನ ಪಿಯೆರ್ ಜಾನ್ಸೆನ್ ಗುಂಟೂರಿನಲ್ಲಿ, ಮದರಾಸು ವೀಕ್ಷಣಾಲಯದ ನಾರ್ಮನ್ ಪಾಗ್ಸನ್ ಮಚಲಿಪಟ್ಟಣದಲ್ಲಿ ನಿಂತಿದ್ದರು. ಲಂಡನ್ನಿನ ರಾಯಲ್ ಸೊಸೈಟಿಯ ಉಪಕರಣ ಹಿಡಿದು ಲೆಫ್ಟಿನೆಂಟ್ ಜಾನ್ ಹರ್ಷೆಲ್ ನಿಂತಿದ್ದದ್ದು, ಇಂದು ಬಾಗಲಕೋಟೆ ಜಿಲ್ಲೆಗೆ ಸೇರಿದ ನಮ್ಮ ಜಮಖಂಡಿಯಲ್ಲಿ! ಯುರೇನಸ್ ಗ್ರಹ ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಮೊಮ್ಮಗ ಆತ. ಮಳೆಗಾಲದ ಮೋಡ. ಮೋಡಗಳ ನಡುವೆ ಸಿಕ್ಕ ಬಿಡುವಿನಲ್ಲಿ, ಕಪ್ಪಾದ ಸೂರ್ಯನ ಅಂಚಿನಿಂದ ಚಿಮ್ಮಿದ ಜ್ವಾಲೆಯ ಕಡೆ ಸಂದನ್ನು ತಿರುಗಿಸಿದ. ಹೊಳೆವ ಮೂರು ಗೆರೆಗಳು, ಕೆಂಪು, ಕಿತ್ತಳೆ, ನೀಲಿ. ಸೂರ್ಯನ ಆ ಜ್ವಾಲೆಗಳು ಕಾದು ಹೊಳೆಯುವ ಅನಿಲ ಎಂಬುದು ಅಲ್ಲಿಗೆ ತೀರ್ಮಾನವಾಯಿತು. ಕಿತ್ತಳೆಯ ಗೆರೆ ಸೋಡಿಯಂನ ಡಿ ಗೆರೆಯೇ ಎಂದು ಆತ ಬಗೆದ.

ಅದು ಸೋಡಿಯಂ ಆಗಿರಲಿಲ್ಲ! ಸೋಡಿಯಂನ ಜೋಡಿ ಗೆರೆಗಳಿರುವುದು 589.0 ಮತ್ತು 589.6 ನ್ಯಾನೊಮೀಟರಿನಲ್ಲಿ. ಸೂರ್ಯಜ್ವಾಲೆಯದು 587.6. ಒಂದೂವರೆ ನ್ಯಾನೊಮೀಟರ್ ಆಚೆ. ಅದೇ ವರ್ಷದ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ನಾರ್ಮನ್ ಲಾಕ್ಯರ್ ಗ್ರಹಣವಿಲ್ಲದೆಯೇ ಆ ಗೆರೆ ನೋಡಿ, ಅದು ಸೋಡಿಯಂನದಲ್ಲ ಎಂದು ಬೇರ್ಪಡಿಸಿದ. ಭೂಮಿಯ ಮೇಲೆ ಯಾರೂ ಕಾಣದ ಆ ಧಾತುವಿಗೆ ಸೂರ್ಯನ ಗ್ರೀಕ್ ಹೆಸರಿನಿಂದ ಹೀಲಿಯಂ ಎಂಬ ಹೆಸರು ಬಂತು. ವಿಲಿಯಂ ರ‍್ಯಾಮ್ಸೆ ಅದನ್ನು ನೆಲದ ಖನಿಜವೊಂದರಲ್ಲಿ ಹಿಡಿದದ್ದು 1895ರಲ್ಲಿ, ಇಪ್ಪತ್ತೇಳು ವರ್ಷದ ಮೇಲೆ. ಜಮಖಂಡಿಯಲ್ಲಿ ಅಂದು ಒಬ್ಬನ ಕಣ್ಣಿಗೆ ಬಿದ್ದ ಆ ಬೆಳಕು ಹೀಲಿಯಂನದೇ. ಹರ್ಷೆಲ್ ತಪ್ಪಿದನೆಂದು ನನಗೆ ಹೇಳಲು ಬಾಯಿ ಬರುವುದಿಲ್ಲ. ನನ್ನ ಡಬ್ಬದಲ್ಲಿ ಉಪ್ಪಿನ ಗೆರೆ ಎಷ್ಟು ದಪ್ಪವೆಂದು ನನಗೆ ಗೊತ್ತು. ಹೀಲಿಯಂನ ಗೆರೆ ಪಕ್ಕದಲ್ಲಿ ಬಂದು ನಿಂತರೂ ಅದು ಎರಡನ್ನೂ ಒಂದೇ ಎನ್ನುತ್ತದೆ.

ಆ ಒಂದೂವರೆ ನ್ಯಾನೊಮೀಟರ್ ತಲೆ ಹೊಕ್ಕ ಮೇಲೆ ಬರೀ ನೋಡುವುದು ಸಾಲದಾಯಿತು, ಅಳೆಯಬೇಕೆನಿಸಿತು. ಫೋನನ್ನು ಡಬ್ಬಕ್ಕೆ ಅಲುಗದಂತೆ ಕಟ್ಟಿ, ಮೊದಲು ಸಿಎಫ್‌ಎಲ್ ಬಲ್ಬಿನ ಫೋಟೊ ತೆಗೆದೆ. ಪಾದರಸದ ನೀಲಿ ಗೆರೆ 435.8 ನ್ಯಾನೊಮೀಟರ್, ಹಸಿರು 546.1. ಇವು ಯಾವ ಕಂಪನಿಯ ಬಲ್ಬಿನಲ್ಲೂ, ಯಾವ ಊರಿನಲ್ಲೂ ಬದಲಾಗವು. ಪ್ರಕೃತಿಯೇ ಕೊಟ್ಟ ಅಳತೆಪಟ್ಟಿ! ಫೋಟೊದಲ್ಲಿ ಎಡದಿಂದ ಎಣಿಸಿದರೆ ನೀಲಿ 820ನೇ ಚುಕ್ಕೆಯಲ್ಲಿ, ಹಸಿರು 1372ರಲ್ಲಿ. 552 ಚುಕ್ಕೆಗೆ 110.3 ನ್ಯಾನೊಮೀಟರ್, ಅಂದರೆ ಚುಕ್ಕೆಗೆ 0.2. ಆಮೇಲೆ ಏನನ್ನೂ ಕದಲಿಸದೆ ಉಪ್ಪಿನ ಉರಿಯ ಫೋಟೊ. ಹಳದಿ ಗೆರೆ 1595ರಲ್ಲಿತ್ತು. ಲೆಕ್ಕ ಹಾಕಿದೆ, 591 ಬಂತು. ಪುಸ್ತಕ ಹೇಳುವುದು 589! ಚುಕ್ಕೆಗಳಿಗೂ ತರಂಗದೂರಕ್ಕೂ ಇರುವ ಸಂಬಂಧ ಪೂರ್ತಿ ನೇರವಲ್ಲ, ಅದಕ್ಕೇ ಆ ಎರಡರ ವ್ಯತ್ಯಾಸ. ಯುರೋಪಿಯಂನ 611ರ ಕೆಂಪು ಗೆರೆಯನ್ನೂ ಲೆಕ್ಕಕ್ಕೆ ಸೇರಿಸಿದಾಗ ಅದೂ ಕಡಿಮೆಯಾಯಿತು. ಅಡುಗೆಮನೆಯ ನೆಲದ ಮೇಲೆ ಕೂತು, ಮದುವೆ ಡಿವಿಡಿಯ ಚೂರಿನಿಂದ, ಮಿಲಿಮೀಟರಿನ ಹತ್ತು ಲಕ್ಷದ ಒಂದು ಭಾಗದ ಲೆಕ್ಕದಲ್ಲಿ ಬೆಳಕಿನ ಅಲೆಯನ್ನು ಅಳೆದಿದ್ದೆ. ನಿದ್ದೆ ಬರಲಿಲ್ಲ.

ಡಬ್ಬದಲ್ಲಿ ನೋಡಲು ಇನ್ನೂ ಇದೆ. ಪಾಲಕ್ ಸೊಪ್ಪನ್ನು ಅರೆದು ಸ್ಪಿರಿಟ್ಟಿನಲ್ಲಿ ನೆನೆಸಿ ಸೋಸಿದ ಹಸಿರು ನೀರನ್ನು ತಂತಿ ಬಲ್ಬಿನ ಮುಂದೆ ಹಿಡಿದು ನೋಡಿ. (ಸ್ಪಿರಿಟ್ ಬೆಂಕಿ ಹಿಡಿಯುತ್ತದೆ, ಒಲೆಯ ಹತ್ತಿರ ಬೇಡವೇ ಬೇಡ.) ಅಖಂಡವಾಗಿದ್ದ ರೋಹಿತದಲ್ಲಿ ಕೆಂಪಿನೊಳಗೆ ಕಪ್ಪು ಪಟ್ಟೆ, ನೀಲಿ-ನೇರಳೆ ಪೂರ್ತಿ ಮಾಯ. ಮಾಯವಾದದ್ದು ಎಲೆ ತಿನ್ನುವ ಬೆಳಕು, ಉಳಿಸಿದ್ದು ಹಸಿರು. ಅದೇ ಲೋಟಕ್ಕೆ ಕತ್ತಲೆಯಲ್ಲಿ ಟಾರ್ಚ್ ಬಿಟ್ಟರೆ ಹಸಿರು ನೀರು ರಕ್ತಗೆಂಪಾಗಿ ಹೊಳೆಯುತ್ತದೆ. ಇದೊಂದನ್ನು ಮಕ್ಕಳಿಗೆ ತೋರಿಸದೆ ಇರಬೇಡಿ. ದೀಪಾವಳಿಯ ಬಣ್ಣದ ಬೆಂಕಿಕಡ್ಡಿಗಳನ್ನೂ ಎತ್ತಿಟ್ಟುಕೊಳ್ಳಿ, ಕೆಂಪು ಸ್ಟ್ರಾಂಷಿಯಂನದು, ಹಸಿರು ಬೇರಿಯಂನದು, ದೂರ ನಿಂತು ಡಬ್ಬದಲ್ಲಿ ನೋಡಿ.

ಇದು ಬರೀ ಮನೆಯಾಟವಲ್ಲ. ಸಿ.ವಿ. ರಾಮನ್ 1928ರ ಫೆಬ್ರವರಿ 28ರಂದು ದ್ರವದಲ್ಲಿ ಚದುರಿದ ಬೆಳಕಿನೊಳಗೆ ಹೊಸ ಬಣ್ಣ ಕಂಡದ್ದು ಕೈಯಲ್ಲಿ ಹಿಡಿಯುವ ಪುಟ್ಟ ರೋಹಿತದರ್ಶಕದಲ್ಲಿ. ಅದನ್ನು ಲೋಕಕ್ಕೆ ಬಿಡಿಸಿ ಹೇಳಿದ ಉಪನ್ಯಾಸ ನಡೆದದ್ದು ಮಾರ್ಚ್ 16ರಂದು, ಬೆಂಗಳೂರಿನಲ್ಲಿ. 2023ರ ಆಗಸ್ಟಿನಲ್ಲಿ ಚಂದ್ರಯಾನ-3ರ ಪ್ರಜ್ಞಾನ್ ರೋವರ್ ಚಂದ್ರನ ಮಣ್ಣಿಗೆ ಲೇಸರ್ ಹೊಡೆದು, ಎದ್ದ ಆವಿಯ ಬೆಳಕನ್ನು ಗೆರೆಗಳಾಗಿ ಬಿಡಿಸಿ, ಗಂಧಕ ಇದೆ ಎಂದು ತಿಳಿಸಿತಲ್ಲ, ಆ ಉಪಕರಣವನ್ನು ರೂಪಿಸಿದ್ದೂ ಬೆಂಗಳೂರಿನ ಇಸ್ರೊ ಪ್ರಯೋಗಾಲಯ. ಲೇಸರಿನ ಬದಲು ನನ್ನದು ಗ್ಯಾಸ್ ಒಲೆ, ಚಂದ್ರನ ಮಣ್ಣಿನ ಬದಲು ಉಪ್ಪು. ಉಳಿದದ್ದು ಒಂದೇ ತತ್ವ.

ಮೊನ್ನೆ ಭಾನುವಾರ ಎರಡು ಫೋಟೊಗಳನ್ನು ಒಂದರ ಕೆಳಗೊಂದು ಇಟ್ಟೆ. ಮೇಲೆ ಹಗಲು ಆಕಾಶದ್ದು, ಕೆಳಗೆ ಉಪ್ಪಿನ ಉರಿಯದು. ಆಕಾಶದ ಹಳದಿಯಲ್ಲಿದ್ದ ಕಪ್ಪು ಗೆರೆಯಿಂದ ಲಂಬವಾಗಿ ಕೆಳಗಿಳಿದರೆ, ನೇರ ಉಪ್ಪಿನ ಹೊಳೆವ ಗೆರೆಯ ಮೇಲೆ. ಅಮ್ಮನನ್ನು ಕರೆದೆ. ಸೌಟು ಹಿಡಿದೇ ಬಂದಳು, ಕನ್ನಡಕ ಏರಿಸಿಕೊಂಡು ಎರಡನ್ನೂ ನೋಡಿದಳು.

‘ಸೂರ್ಯನಲ್ಲೂ ಉಪ್ಪಿದೆಯೇನೋ?’

‘ಉಪ್ಪಲ್ಲಮ್ಮ, ಆ ಬಿಸಿಗೆ ಉಪ್ಪು ಉಪ್ಪಾಗಿ ಉಳಿಯಲ್ಲ. ಉಪ್ಪಿನಲ್ಲಿರೋ ಸೋಡಿಯಂ ಇದೆ. ನೀನು ಹಾಕಿದ್ದೂ ಅದೇ.’

‘ನಾನು ಹಾಕಿದ್ದು ಅಲ್ಲೂ ಇದೆ’ ಎಂದು ತನಗೆ ತಾನೇ ಹೇಳಿಕೊಂಡಳು. ಸೌಟನ್ನು ನನ್ನ ಕೈಗೆ ಕೊಟ್ಟು, ಡಬ್ಬ ತೆಗೆದುಕೊಂಡು ತಾರಸಿಯ ಮೆಟ್ಟಿಲು ಹತ್ತಿದಳು. ಸೂರ್ಯನ ಕಡೆ ತಿರುಗಿಸಬೇಡ ಎಂದು ಹಿಂದೆಯೇ ಓಡಿದೆ. ಅವಳು ಆಗಲೇ ಬಡಗಣ ಆಕಾಶದ ಬಿಳಿ ಮೋಡಕ್ಕೆ ಡಬ್ಬ ಹಿಡಿದು ನಿಂತಿದ್ದಳು. ಕೆಳಗೆ ಕುಕ್ಕರ್ ಕೂಗಿತು. ‘ನೀನು ಹೋಗಿ ಆರಿಸು’ ಎಂದಳು ಕಣ್ಣು ತೆಗೆಯದೆ, ‘ಹಳದಿ ಈಗ ಸಿಗ್ತಾ ಇದೆ.’